ನೀರಿಲ್ಲವೋ, ತಂತಿ ತುಂಡಾಗಿದೆಯೋ? ಪಂಪ್‌ಮನೆಯ ಒತ್ತಡ ಮಾಪಕ ಹೇಳಬೇಕಾದ್ದು

ರಾಮನಾಥಪುರದ ಬಳಿ ಕಾವೇರಿಯ ದಡದಲ್ಲಿ ಪಂಪು ಇಟ್ಟವರಿಗೂ, ಅಲ್ಲಿಂದ ಮೇಲಿನ ಬೀಳಿನಲ್ಲಿ ಕೊಳವೆಬಾವಿ ನಂಬಿದವರಿಗೂ ಒಂದು ತೊಡಕು ಸಮಾನವಾದುದು. ಮೂರು ಫೇಸ್ ವಿದ್ಯುತ್ ಬರುವ ಹೊತ್ತು ರೈತನ ಕೈಯಲ್ಲಿಲ್ಲ. ಆದ್ದರಿಂದ ಸ್ಟಾರ್ಟರಿಗೆ ‘ಆಟೋ’ ಜೋಡಿಸಿ ಮಲಗುವುದು ರೂಢಿಯಾಗಿದೆ. ಕರೆಂಟು ಬಂದೊಡನೆ ಮೋಟಾರು ತಾನಾಗಿ ತಿರುಗುತ್ತದೆ. ನೀರೆತ್ತಿತೋ ಇಲ್ಲವೋ ಅದಕ್ಕೆ ತಿಳಿಯದು. ಫುಟ್‌ವಾಲ್ವ್ ಸೋರಿ ಪಂಪು ಗಾಳಿ ಹಿಡಿದಿದ್ದರೆ ಬೆಳಗಾಗುವುದರೊಳಗೆ ಗ್ಲ್ಯಾಂಡ್ ಸುಟ್ಟಿರುತ್ತದೆ. ಪೈಪು ಒಡೆದಿದ್ದರೆ ನೀರೆಲ್ಲ ಪಕ್ಕದವರ ಹೊಲಕ್ಕೆ.

ಇದಕ್ಕೆ ಪರಿಹಾರವೆಂದು ಓದಿದ ಹುಡುಗರು ಈಗ ಆರ್ಡುಯಿನೊ ಎಂಬ ಸಣ್ಣ ಹಲಗೆಯನ್ನು ತೋರಿಸುತ್ತಾರೆ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಕಲಿಕೆಗೆಂದು ಹುಟ್ಟಿದ ಮೈಕ್ರೋಕಂಟ್ರೋಲರ್ ಹಲಗೆ ಅದು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಇದಕ್ಕೆ ಪೈಪಿನ ಒತ್ತಡ ತಿಳಿಸುವ ಸೆನ್ಸರ್ ಜೋಡಿಸಿದರೆ ಪಂಪಿಗೆ ಕಾವಲುಗಾರ ಸಿದ್ಧ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಯಾವ ಸೆನ್ಸರ್ ಎಂಬಲ್ಲಿ ನನ್ನ ತಕರಾರಿದೆ. ಹಲಗೆ ಅಗ್ಗದ್ದಾಗಿರಲಿ, ಚಿಂತೆಯಿಲ್ಲ. ಸೆನ್ಸರ್ ಮಾತ್ರ ಕಾರ್ಖಾನೆಗಳಲ್ಲಿ ಬಳಸುವ 4ರಿಂದ 20 ಮಿಲಿ ಆಂಪಿಯರ್ ಜಾತಿಯದೇ ಆಗಿರಬೇಕು.

ಕಾರಣ ಹೀಗೆ. ಈ ಜಾತಿಯ ಸೆನ್ಸರ್ ಒತ್ತಡವನ್ನು ವೋಲ್ಟೇಜಿನಲ್ಲಿ ಹೇಳದೆ ಕರೆಂಟಿನಲ್ಲಿ ಹೇಳುತ್ತದೆ. 0–10 ಬಾರ್ ಅಳತೆಯದಾದರೆ ಒತ್ತಡವೇ ಇಲ್ಲದಾಗ 4 ಮಿಲಿ ಆಂಪಿಯರ್, 10 ಬಾರ್ ಇದ್ದಾಗ 20 ಮಿಲಿ ಆಂಪಿಯರ್. ನಾವು ರೂಢಿಯಲ್ಲಿ ಹೇಳುವ ಒಂದು ಕೆಜಿ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. 10 ಮೀಟರ್ ಎತ್ತರದ ನೀರಿನ ಭಾರ. ನೀರಿಲ್ಲದಾಗಲೂ 4 ಹರಿಯುತ್ತಿರುವುದೇ ಇಲ್ಲಿಯ ಜಾಣ್ಮೆ. ಕರೆಂಟು 4ಕ್ಕಿಂತ ಸ್ಪಷ್ಟವಾಗಿ ಕೆಳಗಿಳಿದು 3.6 ದಾಟಿದರೆ ದೋಷ ಪೈಪಿನದಲ್ಲ. ತಂತಿಯನ್ನು ಇಲಿ ಕಡಿದಿದೆ ಅಥವಾ ಗುದ್ದಲಿ ಬಿದ್ದಿದೆ. ಸೊನ್ನೆಯಿಂದ ಎಣಿಕೆ ಆರಂಭಿಸುವ ಸೆನ್ಸರಿನಲ್ಲಿ ಎರಡೂ ಒಂದೇ ಸೊನ್ನೆ.

ಮಾರ್ಚ್–ಏಪ್ರಿಲ್‌ನಲ್ಲಿ ಹೊಗೆಸೊಪ್ಪಿನ ಸಸಿಮಡಿ ಇರುವಾಗ, ಇಲ್ಲವೇ ಶುಂಠಿ ಮೊಳೆಯುವ ದಿನಗಳಲ್ಲಿ, ತುಂಡಾದ ತಂತಿಯನ್ನು ‘ನೀರಿಲ್ಲ’ ಎಂದು ತಿಳಿದು ಹಲಗೆ ಮೋಟಾರು ನಿಲ್ಲಿಸಿಬಿಟ್ಟರೆ ಆ ದಿನದ ಕರೆಂಟು ಹೋದಂತೆಯೇ. ಮೋಟಾರು ಉಳಿಯುತ್ತದೆ, ಸಸಿ ಬಾಡುತ್ತದೆ. ಆದ್ದರಿಂದ ನೀರಿಲ್ಲದಿದ್ದರೆ ಮೋಟಾರು ನಿಲ್ಲಲಿ. ತಂತಿ ತುಂಡಾಗಿದ್ದರೆ ಗಂಟೆ ಮಾತ್ರ ಬಾರಿಸಲಿ ಎಂದು ನನ್ನ ಅಭಿಪ್ರಾಯ.

ದೂರದ ಪ್ರಶ್ನೆಯೂ ಇದೆ. ಹನಿ ನೀರಾವರಿಯ ಫಿಲ್ಟರು ತೋಟದ ತಲೆಯಲ್ಲಿ, ಸ್ಟಾರ್ಟರು ಹೊಳೆಯ ದಡದಲ್ಲಿ. ನಡುವೆ ನೂರಾರು ಮೀಟರ್ ತಂತಿ ಎಳೆದಾಗ ವೋಲ್ಟೇಜು ಕುಗ್ಗುತ್ತದೆ, ಮೋಟಾರಿನ ಗದ್ದಲವೂ ಸೇರುತ್ತದೆ. ಕರೆಂಟಿನ ಸಂಕೇತ ದಾರಿಯಲ್ಲಿ ಸವೆಯುವುದಿಲ್ಲ. 0.5ರಿಂದ 4.5 ವೋಲ್ಟ್ ಕೊಡುವ ಅಗ್ಗದ ಮೂರು ತಂತಿಯ ಸೆನ್ಸರುಗಳು ಪಂಪ್‌ಮನೆಯೊಳಗೆ ಹತ್ತಿರದಲ್ಲಿದ್ದರೆ ಸಾಕಾದಾವು. 0–10 ವೋಲ್ಟಿನದನ್ನು ನೇರವಾಗಿ ಜೋಡಿಸಲೇಕೂಡದು. 5 ವೋಲ್ಟಿನ ಹಲಗೆ ಸುಟ್ಟುಹೋಗುತ್ತದೆ.

ಜೋಡಣೆ ಕಷ್ಟವಲ್ಲ. 24 ವೋಲ್ಟ್ ಡಿ.ಸಿ. ಪೂರೈಕೆಯ ಧನ ತುದಿ ಸೆನ್ಸರಿನ ಒಂದು ತಂತಿಗೆ. ಇನ್ನೊಂದು ತಂತಿಯಿಂದ 220 ಓಮ್ ರೆಸಿಸ್ಟರ್ ಮೂಲಕ ಪೂರೈಕೆಯ ಋಣ ತುದಿಗೆ. ಈ ಋಣ ತುದಿಯನ್ನು ಹಲಗೆಯ ‘ಗ್ರೌಂಡ್’ಗೂ ಸೇರಿಸಬೇಕು, ಸೇರಿಸದಿದ್ದರೆ ಅಳತೆ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಆಗ ರೆಸಿಸ್ಟರಿನ ಮೇಲೆ 0.88ರಿಂದ 4.4 ವೋಲ್ಟ್ ಬರುತ್ತದೆ. ಆರ್ಡುಯಿನೊ ಊನೊ 5 ವೋಲ್ಟನ್ನು 1024 ಪಾಲು ಮಾಡುವುದರಿಂದ ಸೊನ್ನೆ ಒತ್ತಡಕ್ಕೆ ಸುಮಾರು 180, 10 ಬಾರ್‌ಗೆ ಸುಮಾರು 901 ಎಂಬ ಎಣಿಕೆ ಕಾಣುತ್ತದೆ. ಸುಮಾರು 162ಕ್ಕಿಂತ ಕೆಳಗೆ ಬಂದರೆ ತಂತಿಯ ದೋಷ. ಪುಸ್ತಕದ ಲೆಕ್ಕ 250 ಓಮ್ ಎನ್ನುತ್ತದೆ. ಆದರೆ ಸೆನ್ಸರ್ ಕೆಟ್ಟು 20 ಮೀರಿದಾಗ ಅದು 5 ವೋಲ್ಟ್ ದಾಟಿಬಿಡುತ್ತದೆ, 220 ಕ್ಷೇಮ. 3.3 ವೋಲ್ಟಿನ ಇ.ಎಸ್.ಪಿ.32 ಹಲಗೆಯಾದರೆ 120 ಓಮ್ ಸೂಕ್ತ. 24 ವೋಲ್ಟಿನ ದಾರಿಯಲ್ಲಿ 50 ಮಿಲಿ ಆಂಪಿಯರಿನ ಫ್ಯೂಸು, ಹಲಗೆಯ ಕಾಲಿಗೆ ಹೋಗುವ ದಾರಿಯಲ್ಲಿ 10 ಸಾವಿರ ಓಮಿನ ರೆಸಿಸ್ಟರು ಇದ್ದರೆ ತಂತಿಗಳು ಒಂದಕ್ಕೊಂದು ತಗುಲಿದಾಗಲೂ ಹಲಗೆ ಉಳಿಯುತ್ತದೆ. ಸೆನ್ಸರನ್ನು ಪೈಪಿನ ಪಕ್ಕಕ್ಕೆ ಕೂರಿಸಿ. ಅಡಿಯಲ್ಲಿಟ್ಟರೆ ಮಳೆಗಾಲದ ಕೆಂಪು ನೀರಿನ ಹೂಳು ತುಂಬುತ್ತದೆ, ಮೇಲಿಟ್ಟರೆ ಗಾಳಿ ನಿಲ್ಲುತ್ತದೆ.

ಹುಡುಗರು ಮರೆಯುವ ಸಂಗತಿಗಳು ಪ್ರೋಗ್ರಾಮಿನಲ್ಲಿವೆ. ಖಾಲಿ ಪೈಪು ತುಂಬಲು ಕೆಲವು ನಿಮಿಷ ಬೇಕು. ಅಷ್ಟು ಕಾಯದ ಹಲಗೆ ಮೋಟಾರನ್ನು ಹೊರಟೊಡನೆ ನಿಲ್ಲಿಸುತ್ತಿರುತ್ತದೆ. ಕಾಯುವ ಅವಧಿಯನ್ನು ನಿಮ್ಮ ಪೈಪಿನ ಉದ್ದ ನೋಡಿ ಗೊತ್ತುಮಾಡಬೇಕೇ ಹೊರತು ಬೇರೆಯವರ ಪ್ರೋಗ್ರಾಮಿನಿಂದ ನಕಲು ಮಾಡಿ ಪ್ರಯೋಜನವಿಲ್ಲ. ಇದಕ್ಕಿಂತ ದೊಡ್ಡದು, ಕರೆಂಟು ಹೋದರೆ ಹಲಗೆಗೆ ಮರೆವು. ನೀರಿಲ್ಲವೆಂದು ಒಮ್ಮೆ ನಿಲ್ಲಿಸಿರುತ್ತದೆ. ಕರೆಂಟು ಹೋಗಿ ಬಂದಾಗ ‘ಆಟೋ’ ಮತ್ತೆ ಹೊರಡಿಸುತ್ತದೆ, ಮೋಟಾರು ಮತ್ತೆ ಒಣಗಿ ತಿರುಗುತ್ತದೆ. ರಾತ್ರಿಯಲ್ಲಿ ಹತ್ತು ಸಲ ಕರೆಂಟು ಹೋಗಿ ಬಂದರೆ ಹತ್ತು ಸಲವೂ ಇದೇ ಆಟ. ನಿಲ್ಲಿಸಿದ ಕಾರಣವನ್ನು ಅಳಿಯದ ನೆನಪಿನಲ್ಲಿ ಬರೆದಿಟ್ಟು, ರೈತ ಬಂದು ಗುಂಡಿ ಒತ್ತುವವರೆಗೆ ತಡೆ ಬಿಡದಂತೆ ಮಾಡಬೇಕು. ಈ ಹಲಗೆಗೆ ನಿಲ್ಲಿಸುವ ಅಧಿಕಾರ ಸಾಕು, ಹೊರಡಿಸುವ ಅಧಿಕಾರ ಬೇಡ. ಮೂರು ಫೇಸಿನ ತಂತಿಯಂತೂ ಇದರ ಹತ್ತಿರ ಸುಳಿಯಕೂಡದು. ಸ್ಟಾರ್ಟರಿನ ಕಾಂಟ್ಯಾಕ್ಟರ್ ಸುರುಳಿಯ ದಾರಿಯಲ್ಲಿ ಸೂಕ್ತ ರಿಲೆ ಹಾಕಿಸುವ ಕೆಲಸ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನದು.

ಇಷ್ಟೆಲ್ಲ ಯಾರಿಗೆ ಬೇಕು ಎಂದು ಕೆಲವರು ಕೇಳಿಯಾರು. ಪಂಪಿನ ಬಳಿಯೇ ಇದ್ದು ನೀರು ಹಾಯಿಸುವವರಿಗೆ ಬೇಡ. ಮುಳ್ಳಿನ ಗೇಜು ಒಂದು ಸಾಕು. ಕೊಳವೆಬಾವಿ ಬತ್ತಿದಾಗ ಮಾತ್ರ ಮೋಟಾರು ನಿಲ್ಲಬೇಕೆನ್ನುವವರಿಗೆ ಕರೆಂಟು ನೋಡಿ ನಿಲ್ಲಿಸುವ ಸಿದ್ಧ ಪ್ಯಾನೆಲ್ ಉತ್ತಮ. ಆದರೆ ಫಿಲ್ಟರು ಕಟ್ಟಿಕೊಂಡದ್ದನ್ನು ಆ ಪ್ಯಾನೆಲ್ ಸ್ಪಷ್ಟವಾಗಿ ಹೇಳಲಾರದು. ಫಿಲ್ಟರಿನ ಹಿಂದೊಂದು, ಮುಂದೊಂದು ಸೆನ್ಸರಿಟ್ಟು ವ್ಯತ್ಯಾಸ ಅರ್ಧ ಕೆಜಿ ದಾಟಿದಾಗ ತೊಳೆಯಬೇಕೆಂದು ತಿಳಿಸುವ ಕೆಲಸ ಈ ಹಲಗೆಯದು. ಹೊಳೆ ನೀರಿನಲ್ಲಿ ಹನಿ ನೀರಾವರಿ ಮಾಡುವವರಿಗೆ ಇದೊಂದಕ್ಕೇ ಖರ್ಚು ಗಿಟ್ಟುತ್ತದೆಂದು ನನಗೆ ತೋರುತ್ತದೆ.

ಮಾಡಿಕೊಟ್ಟ ಹುಡುಗನಿಗೆ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಪಂಪು ಓಡುತ್ತಿರುವಾಗಲೇ ಸೆನ್ಸರಿನ ತಂತಿಯೊಂದನ್ನು ಬಿಚ್ಚಲು ಹೇಳಿ. ಮೋಟಾರು ನಿಂತುಹೋದರೆ ಪ್ರೋಗ್ರಾಮನ್ನು ಇನ್ನೊಮ್ಮೆ ಬರೆದುಕೊಂಡು ಬರಲಿ.