ನೀರು ಬಸಿದ ನೆಲದ ಲೆಕ್ಕ

ಬೇಸಿಗೆಯಲ್ಲಿ ತೋಟದ ಕೆರೆಯ ಹೂಳು ತೆಗೆಯುವಾಗ ನಾವೆಲ್ಲ ಕಂಡ ಸಂಗತಿಯೊಂದಿದೆ. ತಳದ ಕಪ್ಪು ಕೆಸರಿನಲ್ಲಿ ಎಂದೋ ಬಿದ್ದ ಎಲೆ, ಕಡ್ಡಿಗಳು ಆಕಾರ ಕೆಡದೆ ಸಿಗುತ್ತವೆ. ಅದೇ ಕೆಸರನ್ನು ಅಡಿಕೆಯ ಬುಡಕ್ಕೆ ಹಾಕಿದರೆ ಒಂದೆರಡು ವರ್ಷಗಳಲ್ಲಿ ಎಲೆಯ ಗುರುತೂ ಉಳಿಯದು. ನೀರಿನಡಿ ಗಾಳಿಯಿಲ್ಲ, ಕೊಳೆಯುವುದು ಬಹಳ ನಿಧಾನ. ಗಾಳಿ ತಾಗಿತೆಂದರೆ ಎಲೆ ಕೊಳೆತು, ಅದರೊಳಗಿನ ಇಂಗಾಲ ಅನಿಲವಾಗಿ ವಾತಾವರಣ ಸೇರುತ್ತದೆ. ಶಾಲೆಯ ಮಕ್ಕಳಿಗೂ ತಿಳಿಯುವ ಈ ಸತ್ಯವನ್ನು ದೊಡ್ಡವರು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಡೋನೇಷ್ಯಾ ಸಾಕ್ಷಿಯಾಗಿದೆ.

ಬೋರ್ನಿಯೋ ದ್ವೀಪದಲ್ಲಿ ಆ ದೇಶಕ್ಕೆ ಸೇರಿದ ಭಾಗ ಕಾಲಿಮಂತಾನ್. ಅಲ್ಲಿನ ಜೌಗು ಕಾಡುಗಳಲ್ಲಿ ಸಾವಿರಾರು ವರ್ಷ ಬಿದ್ದ ಎಲೆ, ಬೇರು, ಮರಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಇದನ್ನು ಪೀಟ್ ಮಣ್ಣು ಎನ್ನುತ್ತಾರೆ. ಕೆಲವೆಡೆ ಅದರ ಆಳ 10 ಮೀಟರಿಗೂ ಮಿಕ್ಕಿದೆ. 1995ರಲ್ಲಿ ಅಧ್ಯಕ್ಷ ಸುಹಾರ್ತೋ ಅವರ ಸರಕಾರ, ಈ ಪ್ರದೇಶದ ಸುಮಾರು 10 ಲಕ್ಷ ಹೆಕ್ಟೇರನ್ನು ಭತ್ತದ ಗದ್ದೆ ಮಾಡಲು ಹೊರಟಿತು. ನೀರು ಬಸಿಯಲು 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಲಾಯಿತು. ಹುಳಿಮಣ್ಣಿನಲ್ಲಿ ಭತ್ತ ಬರಲಿಲ್ಲ. ಒಣಗಿದ ಮಣ್ಣಿಗೆ ಬೆಂಕಿ ಬಂತು.

1997ರ ಬರಗಾಲದಲ್ಲಿ ಇಂಡೋನೇಷ್ಯಾದ ಪೀಟ್ ನೆಲಗಳು ತಿಂಗಳುಗಟ್ಟಲೆ ಹೊಗೆಯಾಡಿದವು. ಆ ವರ್ಷ ಇಡೀ ಜಗತ್ತು ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟು ಹೊರಬಿಟ್ಟ ಇಂಗಾಲದ ಶೇ. 13ರಿಂದ 40ರಷ್ಟು ಈ ಬೆಂಕಿಯೊಂದರಿಂದಲೇ ಹೊರಬಿತ್ತೆಂದು ವಿಜ್ಞಾನಿಗಳು 2002ರಲ್ಲಿ ಅಂದಾಜಿಸಿದರು.

ಬೆಂಕಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಹೊಗೆಯಿಲ್ಲದೆ ನಡೆಯುವ ನಷ್ಟವೇ ನಮಗೆ ಹೆಚ್ಚು ಚಿಂತೆಯ ವಿಷಯವಾಗಿ ತೋರುತ್ತದೆ. ಪೀಟ್ ನೆಲವನ್ನು ಬಸಿದು ಎಣ್ಣೆತಾಳೆ ನೆಟ್ಟರೆ, ಬೆಂಕಿ ಬೀಳದಿದ್ದರೂ ಹೆಕ್ಟೇರೊಂದರಿಂದ ವರ್ಷಕ್ಕೆ ಸುಮಾರು 40 ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ನೆಲವೇ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಕುಸಿಯುತ್ತದೆ. ಕಟ್ಟಿದ್ದಾದರೋ ವರ್ಷಕ್ಕೆ ಕೆಲವೇ ಮಿಲಿಮೀಟರ್! ಇದರ ಮೇಲೆ ಯೂರಿಯಾ ಸುರಿದರೆ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ. ತೂಕಕ್ಕೆ ತೂಕ ಹಿಡಿದು ನೂರು ವರ್ಷಗಳ ಲೆಕ್ಕ ಹಾಕಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾದ ಅನಿಲ.

ಅನ್ನಕ್ಕಾಗಿ ಮಾಡಿದ್ದಲ್ಲವೇ ಎಂದು ಕೇಳುವವರಿದ್ದಾರೆ. ಹಸಿದವರ ಅನ್ನವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಆ ಯೋಜನೆಯಿಂದ ಅನ್ನವೂ ಸಿಗಲಿಲ್ಲ, ಕಾಡೂ ಉಳಿಯಲಿಲ್ಲ. ತಲೆಮಾರುಗಳಿಂದ ಅಲ್ಲಿಯೇ ಬಾಳಿದ ದಾಯಕ್ ಜನರ ಬದುಕು ಕೆಟ್ಟಿತು. ದೂರದ ರಾಜಧಾನಿಯಲ್ಲಿ ನಕಾಶೆ ನೋಡಿ ಕೈಗೊಂಡ ತೀರ್ಮಾನದ ಬೆಲೆಯನ್ನು ಅಂಚಿನ ಜನ ತೆರಬೇಕಾಗುತ್ತದೆ ಎಂಬುದನ್ನು ಗಡಿನಾಡಿನ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

2015ರಲ್ಲಿ ಮತ್ತೊಮ್ಮೆ ದೊಡ್ಡ ಬೆಂಕಿ ಹತ್ತಿದ ಮೇಲೆ, 2016ರಲ್ಲಿ ಆ ಸರಕಾರ ಪೀಟ್ ನೆಲಗಳನ್ನು ಸರಿಪಡಿಸಲೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಕಾಲುವೆಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸುವ ಕೆಲಸ ನಡೆಯಿತು. ಇದೇ ಸರಿಯಾದ ದಾರಿ. ನಮ್ಮ ಹಳ್ಳಿಯ ತೋಡಿಗೆ ಕಟ್ಟ ಹಾಕುವ ರೈತನಿಗೂ ಅರ್ಥವಾಗುವ ದಾರಿ. ಆದರೆ 2020ರಲ್ಲಿ ಹಳೆಯ ಯೋಜನೆಯ ಅದೇ ಪ್ರದೇಶದಲ್ಲಿ ಮತ್ತೆ ಭತ್ತ ಬೆಳೆಯುವ ಘೋಷಣೆ ಹೊರಟಿತು. ಒಮ್ಮೆ ಕಲಿತ ಪಾಠವನ್ನು ಇಷ್ಟು ಬೇಗ ಮರೆಯಬಹುದೇ?

ಇದರಲ್ಲಿ ನಮ್ಮ ಪಾಲೂ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆಎಣ್ಣೆ ಆಮದು ಮಾಡುವ ದೇಶ ಭಾರತ. ಅದರ ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ತೆಂಗಿನ ನಾಡಿನವರಾದ ನಾವು ತಿನ್ನುವ ಬಿಸ್ಕತ್ತಿನಲ್ಲಿ, ಹಚ್ಚುವ ಸಾಬೂನಿನಲ್ಲಿ ಅದು ಇರುತ್ತದೆ. ಕೊಳ್ಳುವವನಿಗೆ ಕೇಳುವ ಹಕ್ಕಿದೆ. ಪೀಟ್ ನೆಲ ಬಸಿದು ಬೆಳೆದ ಎಣ್ಣೆ ಬೇಡವೆಂದು ನಮ್ಮ ಸರಕಾರವೂ ವ್ಯಾಪಾರಿಗಳೂ ಹೇಳಬೇಕು. ಹೇಳುವಂತೆ ಮಾಡಬೇಕಾದವರು ನಾವು.