ಬರಕ್ಕೆ ಮೊದಲು ಬಲಿ ಎತ್ತರದ ಮರವೇ?

ಬರಗಾಲದಲ್ಲಿ ಎಳೆಯ ಗಿಡ ಬಾಡುತ್ತದೆ, ಹಳೆಯ ಮರ ತಡೆದುಕೊಳ್ಳುತ್ತದೆ ಎಂಬುದು ಊರಿನ ಮಾತು. ಬೇರು ಆಳಕ್ಕೆ ಇಳಿದಿದೆಯಲ್ಲ! ಆದರೆ ಅಮೆರಿಕದ ಕ್ಯಾಲಿಫೋರ್ನಿಯಾದ ಕಾಡು ಬೇರೆಯದೇ ಕಥೆ ಹೇಳಿದೆ. ರೈತ ಬಾಂಧವರು ಕೇಳತಕ್ಕದ್ದು.

2012ರಿಂದ 2016ರವರೆಗೆ ಅಲ್ಲಿ ಘೋರ ಬರ. ಸಿಯೆರಾ ನೆವಾಡ ಬೆಟ್ಟಸಾಲಿನ ಪೈನ್ ಮರಗಳು ಗುಡ್ಡಗುಡ್ಡವೇ ಕೆಂಪಾಗಿ ಒಣಗಿದವು. 2010ರಿಂದ ಈಚೆಗೆ ರಾಜ್ಯದಲ್ಲಿ ಸತ್ತ ಮರಗಳು 12 ಕೋಟಿ 90 ಲಕ್ಷವೆಂದು ಅಲ್ಲಿನ ಅರಣ್ಯ ಸೇವೆ 2017ರ ಕೊನೆಗೆ ಅಂದಾಜು ಮಾಡಿತು. ಇಷ್ಟನ್ನು ಟೇಪು ಹಿಡಿದು ಅಳೆಯುವವರು ಯಾರು? ವಿಜ್ಞಾನಿಗಳು ಲೇಸರ್ ಬೆಳಕಿನ ಮೊರೆ ಹೋದರು. ವಿಮಾನದಿಂದ ಬಿಟ್ಟ ಬೆಳಕು ಕೆಲವೆಡೆ ಮರದ ನೆತ್ತಿಗೆ ತಾಗಿ ಬೇಗ ಮರಳುತ್ತದೆ, ಕೆಲವೆಡೆ ಎಲೆಗಳ ಸಂದಿಯಲ್ಲಿ ಇಳಿದು ನೆಲ ಮುಟ್ಟಿ ತುಸು ತಡವಾಗಿ ಮರಳುತ್ತದೆ. ಆ ತಡದಿಂದ ಮರದ ಎತ್ತರ ತಿಳಿಯುತ್ತದೆ. ಬಾವಿಗೆ ಕಲ್ಲು ಹಾಕಿ, ಸದ್ದು ಕೇಳಿ ಆಳ ಊಹಿಸುತ್ತೀರಲ್ಲ, ಹೆಚ್ಚುಕಡಿಮೆ ಹಾಗೆಯೇ.

ಹೀಗೆ 18 ಲಕ್ಷ ಮರಗಳನ್ನು 8 ವರ್ಷಗಳ ಅವಧಿಯಲ್ಲಿ ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಎತ್ತರದ ಮರಗಳು ಸತ್ತ ಪ್ರಮಾಣ ಚಿಕ್ಕವುಗಳ ಎರಡರಷ್ಟು! ಎತ್ತರ ಹೆಚ್ಚಿದಷ್ಟೂ ನೀರನ್ನು ಮೇಲೆ ಸೆಳೆಯುವುದು ಕಷ್ಟ. ನೆತ್ತಿಗೆ ಬಿಸಿಲೂ ಗಾಳಿಯೂ ಜಾಸ್ತಿ. ನೆಲ ಒಣಗಿ ಸೆಳೆತ ಬಿಗಿಯಾದಾಗ ಮರದೊಳಗಿನ ನೀರಿನ ನಾಳಕ್ಕೆ ಗಾಳಿಗುಳ್ಳೆ ಸೇರುತ್ತದೆ. ಪಂಪ್‌ಸೆಟ್ಟಿನ ಸಕ್ಷನ್ ಪೈಪಿಗೆ ಗಾಳಿ ಹೊಕ್ಕರೆ ನೀರು ಏರುತ್ತದೆಯೇ? ಸಾಲು ವರ್ಷ ಮಳೆ ಕೈಕೊಟ್ಟಿದ್ದರಿಂದ ಆಳದ ತೇವವೂ ಮುಗಿದಿತ್ತು. ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ದುಂಬಿ ಬಿತ್ತು. ಗಟ್ಟಿ ಮರವಾದರೆ ರಾಳ ಸುರಿಸಿ ಹುಳುವನ್ನು ಹೊರದೂಡುತ್ತದೆ. ನೀರಿಲ್ಲದ ಮರಕ್ಕೆ ರಾಳವೆಲ್ಲಿಯದು?

ಮನುಷ್ಯನ ಪಾಲೂ ಇದೆ. ಸುಮಾರು ನೂರು ವರ್ಷ ಸಣ್ಣಪುಟ್ಟ ಬೆಂಕಿಯನ್ನೆಲ್ಲ ಆರಿಸುತ್ತ ಬಂದದ್ದರಿಂದ ಕಾಡು ಒತ್ತಾಗಿತ್ತು. ಒತ್ತಾಗಿ ಬಿತ್ತಿದ ರಾಗಿ ಮಳೆ ತಡವಾದಾಗ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. 2020ರಲ್ಲಿ ಇದೇ ಸತ್ತ ಮರಗಳ ಸೀಮೆಯಲ್ಲಿ ಕ್ರೀಕ್ ಕಾಳ್ಗಿಚ್ಚು ಸುಮಾರು 3 ಲಕ್ಷ 80 ಸಾವಿರ ಎಕರೆ ಸುಟ್ಟಿತು.

ಪೈನ್ ಕಾಡಿನ ಲೆಕ್ಕ ನಮ್ಮ ಮತ್ತಿ, ಹೊನ್ನೆಗಳಿಗೆ ತದ್ವತ್ತಾಗಿ ಹೊಂದುತ್ತದೆಂದು ಭಾವಿಸಬಾರದು. ನಾಸಾ 2018ರ ಡಿಸೆಂಬರಿನಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿದ ಗೆಡಿ ಎಂಬ ಲೇಸರ್ ಉಪಕರಣದ ಹಾದಿಯಲ್ಲಿ ನಮ್ಮ ಪಶ್ಚಿಮಘಟ್ಟವೂ ಬರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಅದು ಕೆಲಸ ನಿಲ್ಲಿಸಿತ್ತು. 2024ರ ಏಪ್ರಿಲ್‌ನಲ್ಲಿ ಮತ್ತೆ ಆರಂಭಿಸಿತು. ಬರದ ಮುಂಚಿನ ಮತ್ತು ನಂತರದ ಅಳತೆಗಳನ್ನು ಹೋಲಿಸಿ, ಘಟ್ಟದ ದೊಡ್ಡ ಮರಗಳ ಗತಿಯೇನೆಂದು ನಮ್ಮ ಅರಣ್ಯ ಇಲಾಖೆ ಜನರಿಗೆ ತಿಳಿಸಬೇಕು. ಕಾವೇರಿ, ತುಂಗಭದ್ರೆಯ ನಾಲೆಯ ನೀರು ಕುಡಿಯುವ ಹೊಲಗಳಿಗೆ ಅದು ದೂರದ ಸುದ್ದಿಯಲ್ಲ.