ಬಾಯಿಮಾತಿನಲ್ಲೂ ಹೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ

ಕೋಲಾರ, ಮಾಲೂರು ಕಡೆ ತಲೆ ಎತ್ತಿದರೆ ವಿಮಾನ ಕಾಣದ ದಿನವಿಲ್ಲ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮಕ್ಕೆ ಚಾಚಿವೆ. ಪೂರ್ವದಿಂದ ಇಳಿಯುವುದು, ಪೂರ್ವಕ್ಕೆ ಏರುವುದು ಎಂದರೆ ನಮ್ಮ ದಿಕ್ಕೇ. ಫೋನಿನಲ್ಲಿ ಫ್ಲೈಟ್‌ರೇಡಾರ್ ತೆರೆದರೆ ಹಳದಿ ಬಣ್ಣದ ಪುಟ್ಟ ವಿಮಾನಗಳು ಶಿಸ್ತಾಗಿ ಸಾಗುತ್ತಿರುತ್ತವೆ. ಯಾರೋ ನೋಡಿಕೊಳ್ಳುತ್ತಿದ್ದಾರೆ ಬಿಡಿ ಅನ್ನಿಸುತ್ತದೆ.

2022ರ ಜನವರಿಯ ಒಂದು ಬೆಳಿಗ್ಗೆ ಏನಾಯಿತು ನೋಡಿ. ಅಂದು ಉತ್ತರದ ರನ್‌ವೇಯಿಂದ ವಿಮಾನ ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ನಡುವೆ ಶಿಫ್ಟ್ ಇನ್‌ಚಾರ್ಜ್ ಒಂದು ತೀರ್ಮಾನ ತೆಗೆದುಕೊಂಡರು: ದಕ್ಷಿಣದ್ದು ಬಂದ್, ಏರುವುದು ಇಳಿಯುವುದು ಎರಡೂ ಉತ್ತರದಲ್ಲೇ. ಆದರೆ ದಕ್ಷಿಣದ ಟವರ್ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ಈ ಮಾತು ತಲುಪಲೇ ಇಲ್ಲ. ಅವರು ತಮ್ಮ ಕಡೆಯಿಂದ ಒಂದು ವಿಮಾನಕ್ಕೆ ಹೊರಡಲು ಅನುಮತಿ ಕೊಟ್ಟರು, ಉತ್ತರದವರು ಇನ್ನೊಂದಕ್ಕೆ ಕೊಟ್ಟರು. ಎರಡೂ ಇಂಡಿಗೋ ವಿಮಾನಗಳು. ಒಂದು ಕೋಲ್ಕತ್ತಕ್ಕೆ, ಒಂದು ಭುವನೇಶ್ವರಕ್ಕೆ. ಎರಡೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಏರಿ, ಗಾಳಿಯಲ್ಲಿ ಒಂದಕ್ಕೊಂದು ಹತ್ತಿರ ಬಂದವು. ರೇಡಾರ್ ಮುಂದೆ ಕೂತಿದ್ದ ಇನ್ನೊಬ್ಬ ಕಂಟ್ರೋಲರ್ ಕಣ್ಣಿಗೆ ಬಿದ್ದದ್ದರಿಂದ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎರಡರಲ್ಲೂ ಸೇರಿ ಇದ್ದವರು 426 ಜನ. ನಮ್ಮ ಎಂಟು ಸಾರಿಗೆ ಬಸ್ಸು ಭರ್ತಿ.

ಕೆರೆಯ ತೂಬು ಮುಚ್ಚಿದ ನೀರಗಂಟಿ ಕೂಡ ಮುಂದಿನವನಿಗೆ ಒಂದು ಮಾತು ಹೇಳಿ ಹೋಗುತ್ತಾನೆ.

ನನಗೆ ಸಿಟ್ಟು ಬರುವುದು ಆ ಮರೆವಿನ ಮೇಲಲ್ಲ. ಮನುಷ್ಯ ಮರೆಯುತ್ತಾನೆ. ಸಿಟ್ಟು ಬರುವುದು ಆಮೇಲೆ ನಡೆದದ್ದರ ಮೇಲೆ. ಘಟನೆಯನ್ನು ಯಾವ ಲಾಗ್‌ಬುಕ್‌ನಲ್ಲೂ ಬರೆಯಲಿಲ್ಲ. ಕಂಟ್ರೋಲರ್‌ಗಳನ್ನು ನಡೆಸುವ ಸರ್ಕಾರಿ ಸಂಸ್ಥೆ, ವಿಮಾನ ನಿಲ್ದಾಣ ಪ್ರಾಧಿಕಾರ, ತಾನಾಗಿ ವರದಿ ಮಾಡಲಿಲ್ಲ. ನಮಗೆಲ್ಲ ಗೊತ್ತಾದದ್ದು ಹತ್ತು ದಿನ ಕಳೆದು, ಪತ್ರಿಕೆಗಳಲ್ಲಿ. ಆಗ ಮೇಲಿನವರ ಮೊದಲ ಮಾತು ತಪ್ಪಿತಸ್ಥರ ಮೇಲೆ ಕಠಿಣ ಕ್ರಮ ಎಂಬುದೇ. ಬರೆದರೆ ಕುತ್ತಿಗೆಗೆ ಬರುತ್ತದೆ ಎಂದಾದರೆ ಯಾರು ತಾನೇ ಬರೆಯುತ್ತಾರೆ?

'ಮಾನವ ತಪ್ಪು' ಎಂಬ ಮಾತೇ ಮೇಲಿನವರಿಗೆ ಬಹಳ ಅನುಕೂಲ. ಲೈನ್‌ಮನ್ ಕಂಬದ ಮೇಲೆ ಸತ್ತರೂ ಇದೇ ಮಾತು ಕೇಳುತ್ತೇವೆ: ಅವನದೇ ಅಜಾಗರೂಕತೆ. ಮಂಗಳೂರು ದುರಂತ ನೆನಪಿಸಿಕೊಳ್ಳಿ. 2010ರ ಮೇ 22ರಂದು 158 ಜನ ಸತ್ತರು. ಕ್ಯಾಪ್ಟನ್ ನಿದ್ದೆ ಹೋಗಿದ್ದರು ಎಂಬುದು ಊರೂರಿಗೂ ಗೊತ್ತು. ಅದು ಸುಳ್ಳಲ್ಲ, ಸಹ ಪೈಲಟ್ ಹೇಳಿದರೂ ಇಳಿಯುವುದನ್ನು ಕೈಬಿಡಲಿಲ್ಲ ಎಂಬುದೂ ನಿಜ. ಆದರೆ ಆ ದಿನ ಮಂಗಳೂರಿನ ರೇಡಾರ್ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ. ತನಿಖಾ ವರದಿಯೇ ಇದನ್ನು ಪೂರಕ ಕಾರಣವೆಂದು ಬರೆದಿದೆ. ನಿದ್ದೆಯ ಕಥೆ ಉಳಿಯಿತು, ರೇಡಾರಿನ ಕಥೆ ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ತಪ್ಪು ಮಾಡಿದವರನ್ನು ಸುಮ್ಮನೆ ಬಿಡಬೇಕಾ ಎಂದು ಕೇಳುವಿರಿ. ಬೇಕೆಂದೇ ಮುಚ್ಚಿಟ್ಟವರನ್ನು ಬಿಡಬಾರದು. ಆದರೆ ಒಬ್ಬನ ತಲೆಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಒಂದು ಕಥೆಯಿದೆ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತರು, ಹೆಚ್ಚಿನವರು ರಷ್ಯಾದ ಮಕ್ಕಳು. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ಆ ಆಕಾಶ ನೋಡಿಕೊಳ್ಳಲು ಕೂತಿದ್ದವನು ಒಬ್ಬನೇ. ಜೊತೆಯವನು ವಿಶ್ರಾಂತಿಗೆ ಹೋಗಿದ್ದ. ಮುಖ್ಯ ಫೋನ್ ಲೈನ್ ರಿಪೇರಿಗೆಂದು ಬಂದ್. ಅಪಾಯ ಕಂಡ ಪಕ್ಕದ ಜರ್ಮನಿಯ ಕೇಂದ್ರದವರು ಕರೆ ಮಾಡಿದರೂ ಸಿಗಲಿಲ್ಲ. ಎರಡು ವರ್ಷದೊಳಗೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಆ ಕಂಟ್ರೋಲರ್‌ನನ್ನು ಮನೆ ಬಾಗಿಲಲ್ಲೇ ಇರಿದು ಕೊಂದ. 2007ರಲ್ಲಿ ಕೋರ್ಟು ಕಂಪನಿಯ ನಾಲ್ವರನ್ನು ತಪ್ಪಿತಸ್ಥರೆಂದಿತು, ಅದರಲ್ಲಿ ಮೂವರು ಮ್ಯಾನೇಜರುಗಳು. ಅಷ್ಟರಲ್ಲಿ ಅವನು ಸತ್ತು ಮೂರು ವರ್ಷ.

ನಮ್ಮಲ್ಲೂ ಕಲಿತದ್ದಿದೆ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ, ಎದುರು ವಿಮಾನ ಹತ್ತಿರ ಬಂದರೆ ಪೈಲಟ್‌ಗೆ ಕೂಗಿ ಹೇಳುವ ಯಂತ್ರ ಭಾರತದಲ್ಲಿ ಕಡ್ಡಾಯವಾಯಿತು. 2018ರ ಜುಲೈ 10ರಂದು ಬೆಂಗಳೂರಿನ ಆಕಾಶದಲ್ಲೇ ಎರಡು ಇಂಡಿಗೋ ವಿಮಾನಗಳು ಸಮೀಪ ಬಂದಾಗ ಎಚ್ಚರಿಸಿದ್ದು ಅದೇ. ಆದರೆ ಅದಕ್ಕೆ 349 ಹೆಣ ಬೀಳಬೇಕಾಯಿತು. ಜನವರಿಯ ಆ ಬೆಳಿಗ್ಗೆಯಂಥದ್ದು ಹೆಣ ಬೀಳದೆಯೇ ಸಿಕ್ಕ ಪಾಠ, ಅದನ್ನೂ ಬರೆದಿಡಲಿಲ್ಲ.

2025ರ ಆಗಸ್ಟಿನಲ್ಲಿ ಸಂಸದೀಯ ಸಮಿತಿ ಹೇಳಿದ್ದು: ಕಂಟ್ರೋಲರ್‌ಗಳು ಸಾಲುತ್ತಿಲ್ಲ, ಇರುವವರು ದಣಿದಿದ್ದಾರೆ, ಇವರ ಮೇಲೆ ಕಣ್ಣಿಡಬೇಕಾದ ಡಿಜಿಸಿಎಯಲ್ಲೇ ಹತ್ತಿರ ಹತ್ತಿರ ಅರ್ಧ ಹುದ್ದೆ ಖಾಲಿ. ದಣಿದವನು ಮರೆತರೆ ಅದು ಯಾರ ತಪ್ಪು? ಮುಂದಿನ ಸಲ ನಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ: ಆ ಖಾಲಿ ಕುರ್ಚಿಗಳು ಯಾವಾಗ ತುಂಬುತ್ತವೆ, ತಾನಾಗಿ ತಪ್ಪು ಬರೆದುಕೊಟ್ಟ ಕಂಟ್ರೋಲರ್‌ನ ನೌಕರಿಗೆ ಯಾರು ಗ್ಯಾರಂಟಿ?